ಒಂಬತ್ತು ಬಿಂದುಗಳ ಸಮತಲ: ಗಣಿತಜ್ಞ ರಾಜಚಂದ್ರ ಬೋಸ್ ಅವರ ಜೀವನ

ಪ್ರೌಢಶಾಲೆಯ ರೇಖಾಗಣಿತದಲ್ಲಿ ಕಂಸ, ಛೇದಕ, ಸ್ಪರ್ಶಕ ಎಂಬ ಪದಗಳು ಬರುತ್ತವೆ. ಇವೆಲ್ಲ ಕೈವಾರದಿಂದ ಎಳೆದ ವೃತ್ತಕ್ಕೆ ಮಾತ್ರ ಸೇರಿದವು ಎಂಬ ಭಾವನೆ ವಿದ್ಯಾರ್ಥಿಗಳಲ್ಲಿ ಬೇರೂರಿರುತ್ತದೆ. ಆದರೆ ಕೈವಾರವೂ ಇಲ್ಲದ, ಅಳತೆಪಟ್ಟಿಯೂ ಇಲ್ಲದ, ಒಟ್ಟು ಒಂಬತ್ತೇ ಬಿಂದುಗಳಿರುವ ಒಂದು ಸಮತಲದಲ್ಲಿಯೂ ಈ ಪದಗಳಿಗೆ ಖಚಿತವಾದ ಅರ್ಥವಿದೆ. ಅಂಥ ಪರಿಮಿತ ಸಮತಲಗಳಲ್ಲಿ ಒಂದು ಕಂಸ ಎಷ್ಟು ದೊಡ್ಡದಾಗಬಲ್ಲದು ಎಂಬ ಪ್ರಶ್ನೆಯನ್ನು ಎತ್ತಿ ಉತ್ತರಿಸಿದವರು ರಾಜಚಂದ್ರ ಬೋಸ್. ಅವರು ಈ ಪ್ರಶ್ನೆಗೆ ಬಂದದ್ದು ಹೊಲದಲ್ಲಿ ನಡೆಯುವ ಬೆಳೆ ಪ್ರಯೋಗಗಳ ದಾರಿಯಿಂದ. ಗಣಿತ ಬೋಧಿಸಲು ಹೊರಟಿರುವ ಪ್ರಶಿಕ್ಷಣಾರ್ಥಿಗಳಿಗೆ ಅವರ ಜೀವನವೂ, ಅವರ ಗಣಿತದ ಒಂದು ಸಣ್ಣ ತುಣುಕೂ ತಿಳಿದಿರಬೇಕೆಂಬ ಉದ್ದೇಶದಿಂದ ಈ ಲೇಖನವನ್ನು ಸಿದ್ಧಪಡಿಸಲಾಗಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಬೋಸ್ ಅವರು 1901ರ ಜೂನ್ 19ರಂದು ಈಗಿನ ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ ಜನಿಸಿದರು. ಮನೆತನ ಬಂಗಾಳದ್ದು, ಬೆಳೆದದ್ದು ಈಗಿನ ಹರಿಯಾಣದ ರೋಹ್ತಕ್‌ನಲ್ಲಿ. ತಂದೆ ವೈದ್ಯರು. ಐವರು ಮಕ್ಕಳಲ್ಲಿ ಹಿರಿಯನಾದ ಮಗ ತರಗತಿಗೆ ಮೊದಲಿಗನಾಗಿಯೇ ಇರಬೇಕೆಂಬುದು ಅವರ ಹಟ. ಶಾಲೆ ಮುಗಿಸಿ ಬೋಸ್ ದೆಹಲಿಯ ಹಿಂದೂ ಕಾಲೇಜು ಸೇರಿದರು.

ಅಲ್ಲಿಗೆ ಬಂದ ಸ್ವಲ್ಪ ಕಾಲದಲ್ಲಿಯೇ ಸಂಸಾರದ ಮೇಲೆ ಎರಡು ಏಟು ಬಿದ್ದವು. 1918ರ ಇನ್‌ಫ್ಲುಯೆಂಜಾ ಸಾಂಕ್ರಾಮಿಕದಲ್ಲಿ ತಾಯಿ ತೀರಿಕೊಂಡರು. ಬಹಳ ಕಾಲ ಕಳೆಯುವ ಮೊದಲೇ ತಂದೆಯೂ ಪಾರ್ಶ್ವವಾಯುವಿಗೆ ತುತ್ತಾದರು. ಹದಿಹರೆಯ ದಾಟದ ಹುಡುಗನ ತಲೆಯ ಮೇಲೆ ತಮ್ಮ ತಂಗಿಯರ ಹೊಣೆ ಬಿತ್ತು. ಮನೆಪಾಠ ಹೇಳಿ, ವಿದ್ಯಾರ್ಥಿವೇತನ ಕೂಡಿಸಿ ಓದು ಮುಂದುವರಿಸಿದರು. 1922ರಲ್ಲಿ ಬಿ.ಎ. ಪದವಿ, 1924ರಲ್ಲಿ ಅನ್ವಯಿಕ ಗಣಿತದಲ್ಲಿ ಎಂ.ಎ. ಪದವಿ ಪಡೆದರು.

ಇಷ್ಟಕ್ಕೇ ನಿಲ್ಲಿಸಿ ಕೆಲಸ ಹಿಡಿಯುವುದು ಅವರ ಪರಿಸ್ಥಿತಿಗೆ ಸರಿಯಾಗಿತ್ತು. ಆದರೆ ಮನಸ್ಸು ಶುದ್ಧ ಗಣಿತದ ಕಡೆಗಿತ್ತು. ಅದರಲ್ಲಿಯೂ ರೇಖಾಗಣಿತದ ಕಡೆಗೆ. 1925ರಲ್ಲಿ ಕಲ್ಕತ್ತೆಗೆ ಹೋಗಿ ಮತ್ತೆ ವಿದ್ಯಾರ್ಥಿಯಾದರು. 1927ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಿಂದ ಶುದ್ಧ ಗಣಿತದಲ್ಲಿ ಎರಡನೆಯ ಎಂ.ಎ. ಪಡೆದರು.

ಅಂಡಾಕೃತಿಗಳ ಗುರು

ಕಲ್ಕತ್ತೆಯಲ್ಲಿ ಅವರಿಗೆ ದೊರೆತ ಗುರು ಶ್ಯಾಮದಾಸ ಮುಖೋಪಾಧ್ಯಾಯ. ಸಮತಲದ ಕಂಸಗಳ ಬಗ್ಗೆ 1909ರಲ್ಲಿ ಅವರು ಪ್ರಕಟಿಸಿದ ಲೇಖನ ಇಂದಿಗೂ ಜಗತ್ತಿನ ಗಣಿತಜ್ಞರಿಗೆ ಪರಿಚಿತ. ಅದರಲ್ಲಿರುವ ಪ್ರಮೇಯವನ್ನು ಸರಳವಾಗಿ ಹೀಗೆ ಹೇಳಬಹುದು. ಒಂದು ನುಣುಪಾದ, ಎಲ್ಲಿಯೂ ಒಳಕ್ಕೆ ತಗ್ಗದ ಅಂಡಾಕೃತಿಯ ಸುತ್ತ ನಡೆದು ಹೋದರೆ, ಬಾಗು ಹೆಚ್ಚಾಗುತ್ತಿದ್ದುದು ಕಡಿಮೆಯಾಗಲು, ಅಥವಾ ಕಡಿಮೆಯಾಗುತ್ತಿದ್ದುದು ಹೆಚ್ಚಾಗಲು ತೊಡಗುವ ಜಾಗಗಳು ಕಡೇಪಕ್ಷ ನಾಲ್ಕು ಸಿಕ್ಕೇ ಸಿಗುತ್ತವೆ. ಕೋಳಿಮೊಟ್ಟೆಯ ನೆರಳಿನ ಅಂಚನ್ನು ಗಮನಿಸಿದರೆ ಎರಡು ತುದಿಗಳೂ ಎರಡು ಪಕ್ಕೆಗಳೂ ಈ ನಾಲ್ಕನ್ನು ತೋರಿಸುತ್ತವೆ.

ಈ ಗುರುವಿನ ಜೊತೆ ಕೆಲಸ ಮಾಡಿದ ಬೋಸ್, ಹೈಪರ್ಬೋಲಿಕ್ ರೇಖಾಗಣಿತದಲ್ಲಿಯೂ ಅಂಡಾಕೃತಿಗಳ ಗುಣಗಳಲ್ಲಿಯೂ ಲೇಖನಗಳನ್ನು ಬರೆದರು. 1930ರಲ್ಲಿ ಕಲ್ಕತ್ತೆಯ ಆಶುತೋಷ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಕಾಲೇಜಿನ ಪಾಠದ ಹೊರೆ ಹೆಚ್ಚು. ಸಂಶೋಧನೆಗೆ ಉಳಿಯುತ್ತಿದ್ದುದು ಬಿಡುವಿನ ವೇಳೆ ಮಾತ್ರ. ಒಬ್ಬ ಕಾಲೇಜು ಅಧ್ಯಾಪಕ, ರೇಖಾಗಣಿತದಲ್ಲಿ ಒಂದಿಷ್ಟು ಲೇಖನಗಳು: ಅವರ ಬದುಕು ಇಲ್ಲಿಗೇ ನಿಂತಿದ್ದರೂ ಆಶ್ಚರ್ಯವಿರಲಿಲ್ಲ.

ಮೂವತ್ತೊಂದನೆಯ ವಯಸ್ಸಿನಲ್ಲಿ ಹೊಸ ಪಾಠ

1932ರ ಕೊನೆಯಲ್ಲಿ ಪ್ರೆಸಿಡೆನ್ಸಿ ಕಾಲೇಜಿನ ಭೌತಶಾಸ್ತ್ರ ಪ್ರಾಧ್ಯಾಪಕ ಪ್ರಶಾಂತಚಂದ್ರ ಮಹಾಲನೋಬಿಸ್ ಅವರು ಬೋಸ್ ಅವರನ್ನು ಹುಡುಕಿಕೊಂಡು ಬಂದರು. ತಾವು ಕಟ್ಟುತ್ತಿದ್ದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಅವರಿಗೆ ರೇಖಾಗಣಿತ ಬಲ್ಲವರು ಬೇಕಾಗಿದ್ದರು. ಹಲವು ಅಳತೆಗಳನ್ನು ಒಟ್ಟಿಗೆ ಹೋಲಿಸುವ ಸಂಖ್ಯಾಶಾಸ್ತ್ರದ ಸಮಸ್ಯೆಗಳಲ್ಲಿ ಹಲವು ಆಯಾಮಗಳ ರೇಖಾಗಣಿತ ಬಳಕೆಯಾಗುತ್ತದೆ ಎಂಬುದನ್ನು ಅವರು ಕಂಡಿದ್ದರು.

ಬೋಸ್ ಅವರಿಗೆ ಆಗ ಸಂಖ್ಯಾಶಾಸ್ತ್ರ ಗೊತ್ತಿರಲಿಲ್ಲ. ಮೂವತ್ತೊಂದು ವರ್ಷದ ಅಧ್ಯಾಪಕರು ಮತ್ತೆ ಮೊದಲ ಪಾಠದಿಂದ ಆರಂಭಿಸಿದರು. ಕಾಲೇಜಿನ ಕೆಲಸ ಬಿಡದೆ, ವಾರದ ಕೊನೆಯಲ್ಲಿಯೂ ರಜೆಯಲ್ಲಿಯೂ ಸಂಸ್ಥೆಗೆ ಹೋಗಿ ರೊನಾಲ್ಡ್ ಫಿಶರ್ ಅವರ ಪುಸ್ತಕವನ್ನೂ ಬ್ರಿಟನ್ನಿನ ಪತ್ರಿಕೆಗಳ ಲೇಖನಗಳನ್ನೂ ಓದಿದರು. ಸಮರೇಂದ್ರನಾಥ ರಾಯ್ ಅವರೂ ಇದೇ ಕಾಲದಲ್ಲಿ ಜೊತೆಗೂಡಿದರು. ಎರಡು ಜನಸಮುದಾಯಗಳ ದೇಹದ ಅಳತೆಗಳು ಎಷ್ಟು ದೂರ ಇವೆ ಎಂದು ಹೇಳುವ ಮಹಾಲನೋಬಿಸ್ ದೂರದ ಗಣಿತವನ್ನು ಈ ಮೂವರು ಸೇರಿ ಬೆಳೆಸಿದರು.

ಇದರ ನಡುವೆ ಇನ್ನೊಬ್ಬ ಗುರು ಕಲ್ಕತ್ತೆಗೆ ಬಂದರು. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಪಾಠ ಹೇಳುತ್ತಿದ್ದ ಫ್ರೀಡ್ರಿಕ್ ವಿಲ್ಹೆಲ್ಮ್ ಲೇವಿ ಅವರನ್ನು ಯೆಹೂದಿ ಎಂಬ ಕಾರಣಕ್ಕೆ ನಾಜಿ ಸರ್ಕಾರ 1935ರಲ್ಲಿ ಕೆಲಸದಿಂದ ತೆಗೆದಿತ್ತು. ಕಲ್ಕತ್ತಾ ವಿಶ್ವವಿದ್ಯಾಲಯ ಅವರಿಗೆ ಹಾರ್ಡಿಂಜ್ ಪ್ರಾಧ್ಯಾಪಕ ಹುದ್ದೆ ಕೊಟ್ಟಿತು. ಆಗ ಭಾರತದಲ್ಲಿ ಹೆಚ್ಚು ಜನರಿಗೆ ತಿಳಿಯದಿದ್ದ ಆಧುನಿಕ ಬೀಜಗಣಿತವನ್ನೂ ಪರಿಮಿತ ರೇಖಾಗಣಿತವನ್ನೂ ಲೇವಿ ತಮ್ಮ ವಿಚಾರಗೋಷ್ಠಿಗಳಲ್ಲಿ ವಿವರಿಸಿದರು. ಕೇಳುವವರ ಸಾಲಿನಲ್ಲಿ ಬೋಸ್ ಕುಳಿತಿದ್ದರು. ಗಾಲ್ವಾ ಕ್ಷೇತ್ರವೆಂದರೆ ಏನೆಂದು, ಎಣಿಸಿ ಮುಗಿಸಬಹುದಾದಷ್ಟೇ ಬಿಂದುಗಳಿರುವ ಸಮತಲವೆಂದರೆ ಏನೆಂದು ಅವರು ಅಲ್ಲಿ ಕಲಿತರು.

1937ರ ಕೊನೆಯಿಂದ 1938ರ ಆರಂಭದವರೆಗೆ ಫಿಶರ್ ಅವರೇ ಭಾರತದಲ್ಲಿದ್ದರು. ಬೆಳೆ ಪ್ರಯೋಗಗಳಲ್ಲಿ ಬಳಸುವ ಲ್ಯಾಟಿನ್ ಚೌಕಗಳ ಬಗ್ಗೆ ಅವರ ಜೊತೆ ನಡೆದ ಚರ್ಚೆಯಲ್ಲಿ ಒಂದು ಪ್ರಶ್ನೆ ಉಳಿಯಿತು: ಒಂದಕ್ಕೊಂದು ಹೊಂದುವ ಇಂಥ ಚೌಕಗಳ ಪೂರ್ಣ ಕುಟುಂಬ ಯಾವ ಯಾವ ಅಳತೆಗೆ ಸಿಗುತ್ತದೆ? ಲೇವಿ ಅವರಿಂದ ಕಲಿತ ಗಾಲ್ವಾ ಕ್ಷೇತ್ರಗಳನ್ನು ಬಳಸಿ ಬೋಸ್ 1938ರಲ್ಲಿಯೇ ಉತ್ತರ ಕೊಟ್ಟರು. ಅಳತೆ ಒಂದು ಅವಿಭಾಜ್ಯ ಸಂಖ್ಯೆಯಾಗಿದ್ದರೆ ಅಥವಾ ಅದರ ಘಾತವಾಗಿದ್ದರೆ (2, 3, 4, 5, 7, 8, 9 ಹೀಗೆ) ಪೂರ್ಣ ಕುಟುಂಬ ಸಿಗುತ್ತದೆ. ಅಂಥ ಕುಟುಂಬವನ್ನು ಕಟ್ಟುವುದೂ ಒಂದು ಪರಿಮಿತ ಸಮತಲವನ್ನು ಕಟ್ಟುವುದೂ ಒಂದೇ ಎಂಬುದನ್ನು ಅವರು ತೋರಿಸಿದರು. ಬಿಟ್ಟುಬಂದೆನೆಂದುಕೊಂಡಿದ್ದ ರೇಖಾಗಣಿತ ಅವರ ಕೈಗೆ ಮತ್ತೆ ಬಂದಿತ್ತು.

ಹೊಲದಿಂದ ಸಮತಲಕ್ಕೆ

ಈ ಸಂಬಂಧವನ್ನು ನಮ್ಮ ಜಿಲ್ಲೆಯ ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಹಿರಿಯೂರಿನ ಬಬ್ಬೂರು ಫಾರಂನಂಥ ಒಂದು ಕೃಷಿ ಸಂಶೋಧನಾ ಕೇಂದ್ರದಲ್ಲಿ ಶೇಂಗಾದ ಒಂಬತ್ತು ತಳಿಗಳನ್ನು ಹೋಲಿಸಬೇಕಾಗಿದೆ. ಹೊಲದ ಮಣ್ಣು ಎಲ್ಲ ಕಡೆ ಒಂದೇ ಸಮನಿಲ್ಲ. ಒಂದು ಮೂಲೆಯಲ್ಲಿ ಎರೆ, ಇನ್ನೊಂದು ಮೂಲೆಯಲ್ಲಿ ಮಸಾರಿ. ಅಕ್ಕಪಕ್ಕದ ಮೂರು ತಾಕುಗಳು ಮಾತ್ರ ಒಂದೇ ತರಹ ಇವೆ. ಹಾಗಾದರೆ ಒಂದು ಗುಂಪಿನಲ್ಲಿ ಮೂರೇ ತಳಿ ಬಿತ್ತಬಹುದು. ಯಾವ ತಳಿಗೂ ಅನ್ಯಾಯವಾಗದಂತೆ, ಪ್ರತಿಯೊಂದು ಜೋಡಿ ತಳಿಯೂ ಯಾವುದಾದರೂ ಒಂದೇ ಒಂದು ಗುಂಪಿನಲ್ಲಿ ಜೊತೆಯಾಗುವಂತೆ ಗುಂಪುಗಳನ್ನು ಮಾಡುವುದು ಹೇಗೆ?

ತಳಿಗಳಿಗೆ 1ರಿಂದ 9ರವರೆಗೆ ಸಂಖ್ಯೆ ಕೊಟ್ಟು ಮೂರು ಸಾಲಿನಲ್ಲಿ ಬರೆಯಿರಿ: ಮೇಲಿನ ಸಾಲು 1, 2, 3, ನಡುವಿನದು 4, 5, 6, ಕೆಳಗಿನದು 7, 8, 9. ಈಗ ಗುಂಪುಗಳು ಹೀಗಿವೆ.

ಅಡ್ಡ ಸಾಲುಗಳು: 1-2-3, 4-5-6, 7-8-9.
ಕಂಬ ಸಾಲುಗಳು: 1-4-7, 2-5-8, 3-6-9.
ಒಂದು ಕಡೆಯ ಓರೆ ಸಾಲುಗಳು: 1-5-9, 2-6-7, 3-4-8.
ಇನ್ನೊಂದು ಕಡೆಯ ಓರೆ ಸಾಲುಗಳು: 3-5-7, 1-6-8, 2-4-9.

ಒಟ್ಟು 12 ಗುಂಪುಗಳು, 36 ತಾಕುಗಳು. ಪ್ರತಿ ತಳಿ ನಾಲ್ಕು ಸಲ ಬರುತ್ತದೆ. 36 ಜೋಡಿಗಳಲ್ಲಿ ಪ್ರತಿಯೊಂದೂ ಒಮ್ಮೆ ಮಾತ್ರ ಕೂಡುತ್ತದೆ. ತಳಿಯನ್ನು ಬಿಂದು ಎಂದೂ ಗುಂಪನ್ನು ಸರಳರೇಖೆ ಎಂದೂ ಕರೆದರೆ, ಇದು ಯೂಕ್ಲಿಡ್‌ನ ಮುಖ್ಯ ನಿಯಮಗಳನ್ನು ಪಾಲಿಸುವ ಒಂದು ಸಮತಲ. ಎರಡು ಬಿಂದುಗಳ ಮೂಲಕ ಒಂದೇ ರೇಖೆ. ಒಂದು ರೇಖೆಯ ಹೊರಗಿನ ಬಿಂದುವಿನ ಮೂಲಕ ಅದಕ್ಕೆ ಒಂದೇ ಸಮಾಂತರ ರೇಖೆ. ಮೇಲಿನ ಪ್ರತಿ ಪಟ್ಟಿಯ ಮೂರು ರೇಖೆಗಳು ಪರಸ್ಪರ ಸಮಾಂತರ. ಇದನ್ನು ಅಫೈನ್ ಸಮತಲ ಎನ್ನುತ್ತಾರೆ. ರೇಖೆಗೆ ಮೂರು ಬಿಂದುಗಳಿರುವುದರಿಂದ ಇದರ ದರ್ಜೆ 3. ಇಂಥ ಹೊಂದಾಣಿಕೆಗಳನ್ನು ಕಟ್ಟುವ ವ್ಯವಸ್ಥಿತ ವಿಧಾನಗಳನ್ನು ಬೋಸ್ 1939ರಲ್ಲಿ ಪ್ರಕಟಿಸಿದ ದೀರ್ಘ ಲೇಖನ ಪ್ರಯೋಗ ವಿನ್ಯಾಸದ ಶಾಸ್ತ್ರಕ್ಕೆ ಅಡಿಗಲ್ಲಾಯಿತು.

ಇದೇ ಸಮತಲವನ್ನು ಬೇರೆ ರೀತಿಯಲ್ಲಿಯೂ ಬರೆಯಬಹುದು. 1942ರಲ್ಲಿ ಭಾರತೀಯ ಗಣಿತ ಸಂಘದ ಪತ್ರಿಕೆಯಲ್ಲಿ ಬೋಸ್ ಅಫೈನ್ ಸಮತಲಗಳಿಗೆ ಸಂಬಂಧಿಸಿದ ಒಂದು ಪ್ರಮೇಯವನ್ನು ಪ್ರಕಟಿಸಿದರು. ಅದರ ಅತಿ ಚಿಕ್ಕ ಉದಾಹರಣೆಗಳಲ್ಲೊಂದನ್ನು ಬಂಡಿಚಕ್ರದಂತೆ ಚಿತ್ರಿಸಬಹುದು. ಚಕ್ರದ ಅಂಚಿನಲ್ಲಿ ಸಮಾನ ದೂರದಲ್ಲಿ ಎಂಟು ಬಿಂದುಗಳು, 0ಯಿಂದ 7ರವರೆಗೆ. ನಡುವೆ ಒಂದು ಬಿಂದು. 0, 1, 3 ಸೇರಿಸಿ ಒಂದು ತ್ರಿಭುಜ ಮಾಡಿ, ಅದನ್ನು ಒಂದೊಂದು ಸ್ಥಾನ ತಿರುಗಿಸುತ್ತ ಹೋದರೆ ಎಂಟು ರೇಖೆಗಳು ಬರುತ್ತವೆ. ನಡುವಿನ ಬಿಂದುವಿನ ಮೂಲಕ ಹಾಯುವ ನಾಲ್ಕು ವ್ಯಾಸಗಳನ್ನು ಸೇರಿಸಿದರೆ ಹನ್ನೆರಡು. ಯಾವ ಎರಡು ಬಿಂದುಗಳನ್ನು ಆರಿಸಿದರೂ ಅವು ಒಂದೇ ರೇಖೆಯಲ್ಲಿ ಸೇರುತ್ತವೆ. 0, 1, 3ರ ನಡುವಿನ ಅಂತರಗಳು 1, 2, 3. ತಿರುಗಿ ಎಣಿಸಿದರೆ 7, 6, 5. ಉಳಿದ ಅಂತರ 4 ಮಾತ್ರ; ಅದನ್ನು ವ್ಯಾಸಗಳು ನೋಡಿಕೊಳ್ಳುತ್ತವೆ.

ಮೂರು ಬಿಂದುಗಳು ಒಂದೇ ಸಾಲಿಗೆ ಬೀಳದಂತೆ

ಮುಂದಿನ ಪ್ರಶ್ನೆ ಇನ್ನೂ ಕಠಿಣವಾದದ್ದು. ಬಿತ್ತನೆಯ ಪ್ರಮಾಣ, ಗೊಬ್ಬರ, ನೀರು, ಸಾಲಿನ ಅಂತರ ಹೀಗೆ ನಾಲ್ಕು ಅಂಶಗಳನ್ನು ಒಟ್ಟಿಗೆ ಪರೀಕ್ಷಿಸಬೇಕಾಗಿದೆ, ಪ್ರತಿಯೊಂದಕ್ಕೂ ಮೂರು ಮಟ್ಟ ಎಂದುಕೊಳ್ಳಿ. ಒಟ್ಟು 81 ಸಂಯೋಗಗಳು. ಒಂದೇ ತರಹದ ನೆಲದಲ್ಲಿ 27 ತಾಕುಗಳಿಗೆ ಮಾತ್ರ ಜಾಗವಿದ್ದರೆ ಪ್ರಯೋಗವನ್ನು ಮೂರು ಭಾಗ ಮಾಡಬೇಕು. ಆಗ ಮಣ್ಣಿನ ವ್ಯತ್ಯಾಸ ಯಾವುದೋ ಒಂದು ಪರಿಣಾಮದೊಂದಿಗೆ ಬೆರೆತುಹೋಗುತ್ತದೆ. ಬೆರೆತದ್ದನ್ನು ಮತ್ತೆ ಬೇರ್ಪಡಿಸಲು ಆಗುವುದಿಲ್ಲ. ಒಂದು ಅಂಶದ ಪರಿಣಾಮವಾಗಲಿ, ಎರಡು ಅಥವಾ ಮೂರು ಅಂಶಗಳ ಕೂಡುಪರಿಣಾಮವಾಗಲಿ ಹೀಗೆ ಕಳೆದುಹೋಗದಂತೆ ಹೆಚ್ಚೆಂದರೆ ಎಷ್ಟು ಅಂಶಗಳನ್ನು ಸೇರಿಸಬಹುದು?

1947ರಲ್ಲಿ ‘ಸಂಖ್ಯಾ’ ಪತ್ರಿಕೆಯಲ್ಲಿ ಪ್ರಕಟವಾದ ಲೇಖನದಲ್ಲಿ ಬೋಸ್ ಈ ಹೊಲದ ಪ್ರಶ್ನೆಯನ್ನು ರೇಖಾಗಣಿತದ ಪ್ರಶ್ನೆಯಾಗಿ ಬದಲಾಯಿಸಿದರು. ಪ್ರತಿ ಅಂಶವೂ ಒಂದು ಪರಿಮಿತ ಸಮತಲದ ಬಿಂದು. ಯಾವ ಮೂರು ಬಿಂದುಗಳೂ ಏಕರೇಖಾಗತವಾಗಿರಬಾರದು. ಅಂಥ ಬಿಂದುಗಳ ಗಣಕ್ಕೆ ಇಂದು ಕಂಸ ಎಂದು ಹೆಸರು. ವೃತ್ತದ ಕಂಸವನ್ನು ಯಾವ ಸರಳರೇಖೆಯೂ ಎರಡಕ್ಕಿಂತ ಹೆಚ್ಚು ಕಡೆ ಕತ್ತರಿಸಲಾರದು. ಆ ಒಂದು ಗುಣವನ್ನು ಉಳಿಸಿಕೊಂಡು ಉಳಿದುದನ್ನೆಲ್ಲ ಬಿಟ್ಟರೆ ದೊರೆಯುವುದೇ ಈ ಕಂಸ. ಬೋಸ್ ಕೇಳಿದ ಪ್ರಶ್ನೆ: ಅತಿ ದೊಡ್ಡ ಕಂಸದಲ್ಲಿ ಎಷ್ಟು ಬಿಂದುಗಳಿರಬಹುದು?

ಅವರು ಕೆಲಸ ಮಾಡಿದ್ದು ಪ್ರೊಜೆಕ್ಟಿವ್ ಸಮತಲದಲ್ಲಿ. ನಮ್ಮ ಅಫೈನ್ ಸಮತಲದ ಪ್ರತಿ ಸಮಾಂತರ ಕುಟುಂಬಕ್ಕೂ ದಿಗಂತದಲ್ಲಿ ಒಂದು ಬಿಂದುವನ್ನು ಸೇರಿಸಿ, ಹಾಗೆ ಸೇರಿಸಿದ ನಾಲ್ಕು ಬಿಂದುಗಳನ್ನು ಒಂದು ಹೊಸ ರೇಖೆ ಎಂದುಕೊಂಡರೆ 13 ಬಿಂದು, 13 ರೇಖೆಗಳ ಪ್ರೊಜೆಕ್ಟಿವ್ ಸಮತಲ ಆಗುತ್ತದೆ. ಆದರೆ ಎಣಿಕೆಯ ತಿರುಳನ್ನು ಒಂಬತ್ತು ಬಿಂದುಗಳಲ್ಲಿಯೇ ಕಾಣಬಹುದು.

ಕಂಸದ ಒಂದು ಬಿಂದುವನ್ನು ಹಿಡಿಯಿರಿ. ಅದರ ಮೂಲಕ ನಾಲ್ಕೇ ರೇಖೆಗಳಿವೆ. ಕಂಸದ ಉಳಿದ ಪ್ರತಿಯೊಂದು ಬಿಂದುವೂ ಈ ನಾಲ್ಕರಲ್ಲಿ ಒಂದರ ಮೇಲಿರಬೇಕು. ಒಂದು ರೇಖೆಯ ಮೇಲೆ ಎರಡು ಬಿಂದುಗಳು ಬಂದರೆ ಮೊದಲಿನದೂ ಸೇರಿ ಮೂರಾಗುತ್ತದೆ, ಹಾಗಾಗಬಾರದು. ಆದ್ದರಿಂದ ಉಳಿದ ಬಿಂದುಗಳು ಹೆಚ್ಚೆಂದರೆ ನಾಲ್ಕು. ಒಟ್ಟು ಹೆಚ್ಚೆಂದರೆ ಐದು.

ಐದು ಸಾಧ್ಯವೇ? ಐದು ಬಿಂದುಗಳ ಕಂಸವಿದ್ದರೆ ಪ್ರತಿ ಬಿಂದುವಿನ ನಾಲ್ಕೂ ರೇಖೆಗಳು ಕಂಸವನ್ನು ಸರಿಯಾಗಿ ಎರಡು ಬಿಂದುಗಳಲ್ಲಿ ಕತ್ತರಿಸಬೇಕು. ಅಂದರೆ ಯಾವ ರೇಖೆಯ ಮೇಲೂ ಕಂಸದ ಬಿಂದುಗಳು ಎರಡು ಇರುತ್ತವೆ, ಇಲ್ಲವೆ ಒಂದೂ ಇರುವುದಿಲ್ಲ. ಈಗ ಮೂರು ಅಡ್ಡ ಸಾಲುಗಳನ್ನು ನೋಡಿ. ಅವು ಸಮತಲವನ್ನೆಲ್ಲ ಹಂಚಿಕೊಂಡಿವೆ. ಪ್ರತಿ ಸಾಲಿನಲ್ಲೂ ಕಂಸದ ಬಿಂದು 0 ಅಥವಾ 2. ಒಟ್ಟು ಸಮಸಂಖ್ಯೆಯಾಗಬೇಕು, ಐದು ಬೆಸ. ಆದ್ದರಿಂದ ಐದು ಸಾಧ್ಯವಿಲ್ಲ. ನಾಲ್ಕು ಸಾಧ್ಯ: 1, 2, 4, 5 ಅನ್ನು ಪರೀಕ್ಷಿಸಿ ನೋಡಿ.

ಇದೇ ವಾದ ಯಾವ ದರ್ಜೆಗೂ ನಡೆಯುತ್ತದೆ. ದರ್ಜೆ ಬೆಸವಾದರೆ ಕಂಸದ ಮಿತಿ ದರ್ಜೆಗಿಂತ ಒಂದು ಹೆಚ್ಚು. ಸಮವಾದರೆ ಎರಡು ಹೆಚ್ಚು. ಗಾಲ್ವಾ ಕ್ಷೇತ್ರದಿಂದ ಕಟ್ಟಿದ ಸಮತಲಗಳಲ್ಲಿ ಈ ಮಿತಿಗಳನ್ನು ತಲುಪುವ ಕಂಸಗಳು ಇದ್ದೇ ಇವೆ. ದರ್ಜೆ 5ರ, 25 ಬಿಂದುಗಳ ಸಮತಲದಲ್ಲಿ ಆರು. ದರ್ಜೆ 4ರ, 16 ಬಿಂದುಗಳ ಸಮತಲದಲ್ಲಿಯೂ ಆರೇ. ದರ್ಜೆಗಿಂತ ಒಂದು ಹೆಚ್ಚು ಬಿಂದುಗಳಿರುವ ಕಂಸಕ್ಕೆ ಅಂಡಾಕೃತಿ ಎಂದು ಹೆಸರು. ಮೇಲಿನ ಬೆಳೆ ಪ್ರಯೋಗಕ್ಕೂ ಉತ್ತರ ಸಿಕ್ಕಿತು: ಮೂರು ಮಟ್ಟಗಳು, 27 ತಾಕುಗಳ ಭಾಗಗಳು ಎಂದರೆ ನಾಲ್ಕು ಅಂಶಗಳವರೆಗೆ ಮಾತ್ರ. ಐದನೆಯದನ್ನು ಸೇರಿಸಿದರೆ ಮೂರು ಅಂಶಗಳ ಯಾವುದಾದರೊಂದು ಕೂಡುಪರಿಣಾಮ ಮಣ್ಣಿನೊಂದಿಗೆ ಬೆರೆಯುವುದು ತಪ್ಪದು.

ಹಡಗಲಿಯ ವಿದ್ಯಾರ್ಥಿ

1941ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯ ಸಂಖ್ಯಾಶಾಸ್ತ್ರದಲ್ಲಿ ಎಂ.ಎ. ತರಗತಿ ಆರಂಭಿಸಿತು. ಬೋಸ್ ಅಲ್ಲಿ ಪಾಠ ಹೇಳಿದರು. ಅದರ ಮೊದಲ ತಂಡದ ವಿದ್ಯಾರ್ಥಿಗಳಲ್ಲಿ ಒಬ್ಬರು ನಮ್ಮ ನೆರೆಯ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್. ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿ ಕೆಲಸ ಹುಡುಕುತ್ತಿದ್ದ ರಾವ್ ಅವರು ತರಬೇತಿಗೆಂದು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಸೇರಿದ್ದರು. 1943ರಲ್ಲಿ ಚಿನ್ನದ ಪದಕದೊಂದಿಗೆ ಎಂ.ಎ. ಮುಗಿಸಿದರು. ಪರಿಮಿತ ಕ್ಷೇತ್ರಗಳ ಬಗ್ಗೆ ಬೋಸ್, ಚೌಲಾ, ರಾವ್ ಮೂವರೂ ಸೇರಿ ಲೇಖನಗಳನ್ನು ಬರೆದರು. ಮುಂದೆ ರಾವ್ ಅವರು 1947ರಲ್ಲಿ ಪ್ರಕಟಿಸಿದ ಲಂಬಕೋನೀಯ ಸರಣಿಗಳ ಸಿದ್ಧಾಂತ ಇದೇ ಮಣ್ಣಿನಲ್ಲಿ ಬೆಳೆದದ್ದು. ಇಂದು ಕಾರ್ಖಾನೆಗಳಲ್ಲಿ ವಸ್ತುಗಳ ಗುಣಮಟ್ಟ ಪರೀಕ್ಷಿಸಲು ಅದು ಬಳಕೆಯಲ್ಲಿದೆ.

ಗುರುಶಿಷ್ಯರ ಈ ಸಾಲನ್ನು ಒಮ್ಮೆ ಒಟ್ಟಿಗೆ ನೋಡಬೇಕು. ಲೇವಿ ಅವರ ಗೋಷ್ಠಿಯಲ್ಲಿ ಕುಳಿತು ಕಲಿತ ಬೋಸ್ ಐದಾರು ವರ್ಷಗಳಲ್ಲಿಯೇ ಅದನ್ನು ಮುಂದಿನವರಿಗೆ ಕಲಿಸುತ್ತಿದ್ದರು. ಕಲಿಯುವ ವಯಸ್ಸು ಮುಗಿಯಿತೆಂದು ಅವರು ಎಂದೂ ಭಾವಿಸಲಿಲ್ಲ.

ಆಕಾರವನ್ನು ಕಂಡವರು ಸೆಗ್ರೆ

ಅಂಡಾಕೃತಿಯಲ್ಲಿ ಎಷ್ಟು ಬಿಂದುಗಳಿರಬಹುದು ಎಂಬುದನ್ನು ಬೋಸ್ ತಿಳಿಸಿದರು. ಅವು ಹೇಗೆ ಜೋಡಣೆಯಾಗಿರುತ್ತವೆ ಎಂಬ ಪ್ರಶ್ನೆ ಉಳಿದಿತ್ತು. ವೃತ್ತ, ದೀರ್ಘವೃತ್ತ, ಪರವಲಯಗಳಂಥ ಶಂಕುಜಗಳ ಸಮೀಕರಣಗಳನ್ನು ಪರಿಮಿತ ಸಮತಲದಲ್ಲಿ ಬರೆದರೆ ಅಂಡಾಕೃತಿಗಳು ಸಿಗುತ್ತವೆ. ಬೇರೆ ಬಗೆಯವೂ ಇವೆಯೇ? ಬೆಸ ದರ್ಜೆಯಲ್ಲಿ ಇಲ್ಲ ಎಂದು ಫಿನ್ಲೆಂಡಿನ ಯಾರ್ನೆಫೆಲ್ಟ್ ಮತ್ತು ಕುಸ್ತಾನ್‌ಹೈಮೊ ಊಹಿಸಿದರು. ನಂಬಲು ಕಷ್ಟ ಎಂದವರೂ ಇದ್ದರು.

ಇಟಲಿಯ ಬೆನಿಯಾಮಿನೊ ಸೆಗ್ರೆ ಅದನ್ನು ಸಾಧಿಸಿದರು. ಸಾಧನೆ 1955ರಲ್ಲಿ ವಿವರವಾಗಿ ಪ್ರಕಟವಾಯಿತು. ಸೆಗ್ರೆ ಅವರೂ ಯೆಹೂದಿ. 1938ರ ಜನಾಂಗ ಕಾನೂನುಗಳಿಂದ ಬೊಲೋನ್ಯಾದ ಪ್ರಾಧ್ಯಾಪಕ ಹುದ್ದೆ ಕಳೆದುಕೊಂಡು, ಇಂಗ್ಲೆಂಡಿನಲ್ಲಿ ಆಶ್ರಯ ಪಡೆದು, ಯುದ್ಧ ಮುಗಿದ ಮೇಲೆ ಊರಿಗೆ ಮರಳಿದವರು. ತರಗತಿಯಿಂದ ಹೊರಗೆ ಹಾಕಿಸಿಕೊಂಡ ಇಬ್ಬರು ಅಧ್ಯಾಪಕರು, ಹೊಲದ ಲೆಕ್ಕ ಹಿಡಿದು ಬಂದ ಒಬ್ಬ ಕಾಲೇಜು ಉಪನ್ಯಾಸಕ: ಪರಿಮಿತ ರೇಖಾಗಣಿತದ ಈ ಅಧ್ಯಾಯವನ್ನು ಬರೆದವರು ಇವರು.

ಸೆಗ್ರೆ ಪ್ರಮೇಯವನ್ನು ನಮ್ಮ ಒಂಬತ್ತು ಬಿಂದುಗಳಲ್ಲಿ ಪರೀಕ್ಷಿಸಬಹುದು. ಕಂಬ ಸಾಲುಗಳಿಗೂ ಅಡ್ಡ ಸಾಲುಗಳಿಗೂ 0, 1, 2 ಎಂದು ನಿರ್ದೇಶಾಂಕ ಕೊಡಿ. 1, 2, 4, 5 ಎಂಬ ಬಿಂದುಗಳು (0,0), (1,0), (0,1), (1,1) ಆಗುತ್ತವೆ. ಎರಡು ನಿರ್ದೇಶಾಂಕಗಳ ವರ್ಗಗಳನ್ನು ಕೂಡಿ, ಅದರಿಂದ ಆ ನಿರ್ದೇಶಾಂಕಗಳ ಮೊತ್ತವನ್ನು ಕಳೆದು, 3ರಿಂದ ಭಾಗಿಸಿ. ಈ ನಾಲ್ಕು ಬಿಂದುಗಳಿಗೆ ಮಾತ್ರ ಶೇಷ 0. ಉಳಿದ ಐದಕ್ಕೂ ಶೇಷ ಬೇರೆ. ಸಾಮಾನ್ಯ ಆಲೇಖ ಕಾಗದದಲ್ಲಿ ಇದೇ ಸಮೀಕರಣ ಚೌಕದ ನಾಲ್ಕು ಮೂಲೆಗಳ ಮೂಲಕ ಹಾಯುವ ವೃತ್ತ.

ಕಡಲಾಚೆಯ ವರ್ಷಗಳು

ಬೋಸ್ 1945ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಪಿಎಚ್.ಡಿ. ಮಾಡದೆಯೇ ಇಷ್ಟು ದೂರ ಬಂದಿದ್ದರು. 1947ರಲ್ಲಿ ಪ್ರಕಟಿತ ಲೇಖನಗಳ ಆಧಾರದ ಮೇಲೆ ವಿಶ್ವವಿದ್ಯಾಲಯ ಅವರಿಗೆ ಡಿ.ಲಿಟ್. ಪದವಿ ನೀಡಿತು. ಮುಖ್ಯಸ್ಥನ ಕೆಲಸವೆಂದರೆ ಆಡಳಿತ. ಅವರಿಗೆ ಬೇಕಾದದ್ದು ಗಣಿತಕ್ಕೆ ಸಮಯ. 1949ರಲ್ಲಿ ಅಮೆರಿಕದ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯ, ಚಾಪೆಲ್ ಹಿಲ್‌ನಲ್ಲಿ ಪ್ರಾಧ್ಯಾಪಕರಾದರು. ಆಗ ವಯಸ್ಸು ನಲವತ್ತೆಂಟರ ಹತ್ತಿರ.

ಅಲ್ಲಿನ ಎರಡು ಕೆಲಸಗಳನ್ನು ಹೇಳಲೇಬೇಕು. ಮೊದಲನೆಯದು ಆಯ್ಲರ್‌ನ ಊಹೆ. ಆರು ದಳಗಳಿಂದ, ಆರು ದರ್ಜೆಗಳ 36 ಅಧಿಕಾರಿಗಳನ್ನು ಚೌಕದಲ್ಲಿ ನಿಲ್ಲಿಸಿ, ಪ್ರತಿ ಸಾಲಿನಲ್ಲೂ ಪ್ರತಿ ಕಂಬದಲ್ಲೂ ಎಲ್ಲ ದಳ, ಎಲ್ಲ ದರ್ಜೆ ಒಮ್ಮೊಮ್ಮೆ ಬರುವಂತೆ ಮಾಡಲಾಗದು. 10, 14, 18 ಹೀಗೆ 4ರಿಂದ ಭಾಗಿಸಿದಾಗ ಶೇಷ 2 ಉಳಿಯುವ ಯಾವ ಅಳತೆಗೂ ಆಗದು ಎಂದು ಆಯ್ಲರ್ 1782ರಲ್ಲಿ ಪ್ರಕಟವಾದ ಲೇಖನದಲ್ಲಿ ಊಹಿಸಿದ್ದ. ಆರರ ವಿಷಯದಲ್ಲಿ ಅದು ನಿಜ. ಆದರೆ 1959ರಲ್ಲಿ ಬೋಸ್, ಅವರ ಶಿಷ್ಯ ಎಸ್.ಎಸ್. ಶ್ರೀಖಂಡೆ ಮತ್ತು ಇ.ಟಿ. ಪಾರ್ಕರ್ ಮೊದಲು 22ಕ್ಕೆ, ಆಮೇಲೆ 10ಕ್ಕೆ, ಕೊನೆಗೆ ಆರಕ್ಕಿಂತ ದೊಡ್ಡದಾದ ಅಂಥ ಎಲ್ಲ ಅಳತೆಗಳಿಗೂ ಊಹೆ ತಪ್ಪೆಂದು ತೋರಿಸಿದರು. ಸುದ್ದಿ ಏಪ್ರಿಲ್ 26ರ ನ್ಯೂಯಾರ್ಕ್ ಟೈಮ್ಸ್‌ನ ಮುಖಪುಟದಲ್ಲಿ ಬಂತು. ಬೋಸ್ ಅವರಿಗೆ ಆಗ ಐವತ್ತೇಳು ವರ್ಷ.

ಎರಡನೆಯದು ತಪ್ಪು ತಿದ್ದುವ ಸಂಕೇತಗಳು. ಸಂದೇಶ ಹೋಗುವ ದಾರಿಯಲ್ಲಿ ಕೆಲವು ಅಂಕಿಗಳು ಕೆಟ್ಟರೂ ಸರಿಯಾದುದನ್ನು ಮರಳಿ ಪಡೆಯುವಂತೆ ಅದನ್ನು ಬರೆಯುವ ವಿಧಾನವನ್ನು ಬೋಸ್ ಮತ್ತು ಅವರ ಶಿಷ್ಯ ಡಿ.ಕೆ. ರಾಯ್‌ಚೌಧುರಿ 1960ರಲ್ಲಿ ಪ್ರಕಟಿಸಿದರು. ಫ್ರಾನ್ಸಿನ ಒಕೆಂಗೆಮ್ ಸ್ವತಂತ್ರವಾಗಿ ಅದನ್ನೇ ಕಂಡಿದ್ದರು. ಮೂವರ ಹೆಸರಿನ ಮೊದಲಕ್ಷರಗಳಿಂದ ಅದು ಬಿ.ಸಿ.ಎಚ್. ಸಂಕೇತ. ಇಲ್ಲಿಯೂ ಗಾಲ್ವಾ ಕ್ಷೇತ್ರಗಳೇ ಆಧಾರ. ಸಂತೆಯ ಅಂಗಡಿಯಲ್ಲಿ ತೂಗುಹಾಕಿರುವ ಕ್ಯೂಆರ್ ಚೌಕದಲ್ಲಿ, ಅದರ ವಿನ್ಯಾಸ ಯಾವುದೆಂದು ಫೋನಿಗೆ ತಿಳಿಸುವ ಭಾಗ ಈ ಸಂಕೇತದಲ್ಲಿಯೇ ಬರೆದಿರುತ್ತದೆ.

1971ರಲ್ಲಿ ಚಾಪೆಲ್ ಹಿಲ್‌ನಿಂದ ನಿವೃತ್ತರಾದರೂ ಬೋಸ್ ಪಾಠ ಬಿಡಲಿಲ್ಲ; ಕೊಲರಾಡೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಮುಂದುವರಿಸಿದರು. 1976ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರು. 1987ರ ಅಕ್ಟೋಬರ್ 31ರಂದು ಕೊಲರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿ ನಿಧನರಾದರು.

ಅಭ್ಯಾಸ ಬೋಧನೆಗೆ

ಬೋಸ್ ಅವರ ಜೀವನವನ್ನು ತರಗತಿಯಲ್ಲಿ ಹೇಳುವಾಗ ಪ್ರಶಸ್ತಿಗಳ ಪಟ್ಟಿಗಿಂತ ಒಂಬತ್ತು ಬಿಂದುಗಳ ಪಾಠ ಹೆಚ್ಚು ಪ್ರಯೋಜನಕಾರಿ. ಎಂಟನೆಯ ತರಗತಿಯಿಂದ ಮೇಲಿನ ಮಕ್ಕಳಿಗೆ ಒಂದು ಅವಧಿ ಸಾಕು. ಸಾಮಗ್ರಿ: ಕಪ್ಪುಹಲಗೆ, ಬಣ್ಣದ ಸೀಮೆಸುಣ್ಣ, ಪ್ರತಿ ಗುಂಪಿಗೆ ಒಂಬತ್ತು ಹುಣಸೆಬೀಜ.

ಮೊದಲು ಹನ್ನೆರಡು ರೇಖೆಗಳನ್ನು ಕೊಡದೆ, ಪ್ರತಿ ಜೋಡಿ ಒಮ್ಮೆ ಮಾತ್ರ ಕೂಡುವಂತೆ ಮೂರು ಮೂರರ ಗುಂಪು ಮಾಡಲು ಹೇಳಿ. ಅಡ್ಡ ಸಾಲು, ಕಂಬ ಸಾಲು ತಾವೇ ಹೇಳುತ್ತಾರೆ. ಓರೆ ಸಾಲುಗಳಲ್ಲಿ ತಡವರಿಸುತ್ತಾರೆ. 2-6-7 ಹೇಗೆ ಸರಳರೇಖೆಯಾಗುತ್ತದೆ ಎಂದು ಯಾರಾದರೂ ಕೇಳಿದರೆ ಪಾಠ ಸರಿಯಾದ ದಾರಿಯಲ್ಲಿದೆ ಎಂದು ತಿಳಿಯಿರಿ. ರೇಖೆಯ ನಿಯಮವನ್ನು ಪಾಲಿಸುವುದೆಲ್ಲ ಇಲ್ಲಿ ರೇಖೆ, ನೋಡಲು ನೇರವಾಗಿರಬೇಕಾಗಿಲ್ಲ.

ಆಮೇಲೆ ಬೀಜಗಳನ್ನಿಟ್ಟು, ಯಾವ ರೇಖೆಯಲ್ಲಿಯೂ ಮೂರು ಬರದಂತೆ ಎಷ್ಟು ಇಡಬಹುದೆಂದು ಸ್ಪರ್ಧೆ ಮಾಡಿ. ಎಲ್ಲ ಗುಂಪುಗಳೂ ನಾಲ್ಕಕ್ಕೆ ನಿಲ್ಲುತ್ತವೆ. ಐದು ಆಗುವುದಿಲ್ಲವೆಂದು ತಾವೇ ಹೇಳದೆ, ಆಗುವುದಿಲ್ಲವೆಂದು ಹೇಗೆ ಗೊತ್ತು ಎಂದು ಕೇಳಿ. ಸಮ–ಬೆಸದ ವಾದವನ್ನು ಹೈಸ್ಕೂಲಿನ ಮಕ್ಕಳು ಪೂರ್ತಿ ಅರ್ಥಮಾಡಿಕೊಳ್ಳಬಲ್ಲರು. ಪ್ರಯತ್ನಿಸಿ ಸೋತದ್ದಕ್ಕೂ ಸಾಧಿಸಿದ್ದಕ್ಕೂ ಇರುವ ವ್ಯತ್ಯಾಸ ಅವರಿಗೆ ಮನದಟ್ಟಾಗುವ ಅವಕಾಶ ಇದು.

ಕೊನೆಗೆ 1, 2, 4, 5ರ ಅಂಡಾಕೃತಿಯಲ್ಲಿ 1ರ ಮೂಲಕ ಹಾಯುವ ನಾಲ್ಕು ರೇಖೆಗಳನ್ನು ಬರೆಸಿ: 1-2-3, 1-4-7, 1-5-9, 1-6-8. ಮೊದಲ ಮೂರು ಅಂಡಾಕೃತಿಯನ್ನು ಎರಡು ಬಿಂದುಗಳಲ್ಲಿ ಕತ್ತರಿಸುತ್ತವೆ, ಅವು ಛೇದಕಗಳು. ನಾಲ್ಕನೆಯದು 1ರಲ್ಲಿ ಮಾತ್ರ ಮುಟ್ಟುತ್ತದೆ. ಅದಕ್ಕೆ ಏನೆಂದು ಹೆಸರಿಡಬೇಕು ಎಂದು ಕೇಳಿ. ಸ್ಪರ್ಶಕ ಎಂಬ ಉತ್ತರ ಮಕ್ಕಳಿಂದಲೇ ಬರಬೇಕು. ಮನೆಗೆಲಸಕ್ಕೆ ಬಂಡಿಚಕ್ರವನ್ನು ಕೊಡಿ: ಎಂಟು ಬಿಂದುಗಳಲ್ಲಿ ಒಂದು ಬಿಟ್ಟು ಒಂದನ್ನು, ಅಂದರೆ 0, 2, 4, 6 ಅನ್ನು ಆರಿಸಿದರೆ ಅದು ಅಂಡಾಕೃತಿಯೇ? ಏಕೆ? ಹನ್ನೆರಡು ರೇಖೆಗಳನ್ನು ಒಂದೊಂದಾಗಿ ನೋಡಿ ಹೇಳುವವರೂ ಇರುತ್ತಾರೆ, ಸಮ–ಬೆಸ ನೋಡಿ ಒಂದೇ ಮಾತಿನಲ್ಲಿ ಹೇಳುವವರೂ ಇರುತ್ತಾರೆ. ಎರಡೂ ಉತ್ತರಗಳನ್ನು ಮರುದಿನ ಹಲಗೆಯ ಮೇಲೆ ಅಕ್ಕಪಕ್ಕ ಬರೆಸಿ.